ಎರಡು ಚೀಲ, ನಾಲ್ಕು ಹೊಳೆ

ಸಮುದ್ರದಿಂದ ದೂರ ಇರುವವರಿಗೇ ಸಮುದ್ರದ ಹುಚ್ಚು ಜಾಸ್ತಿ. ಮಲ್ಕಾಜ್‌ಗಿರಿಯ ನಮಗೆ ನೀರೆಂದರೆ ಸಫಿಲ್‌ಗುಡದ ಕೆರೆ, ಬೆಟ್ಟವೆಂದರೆ ಮೌಲಾಲಿಯ ಬೋಳು ಬಂಡೆ. ಬೇಸಿಗೆಯಲ್ಲಿ ಆ ಬಂಡೆ ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ನಮ್ಮ ಮೇಲೆ ಉಗುಳುತ್ತದೆ. ಆದರೆ ಊರಿನ ನಡುವೆ ರೈಲು ಹಳಿ ಹಾದಿದೆ. ನಿಜಾಮರ ಕಾಲದಲ್ಲಿ ಮನ್ಮಾಡಿನ ಕಡೆಗೆ ಹಾಸಿದ ಹಾದಿ ಅದು. ಹಳಿಯ ಪಕ್ಕದಲ್ಲಿ ಬದುಕುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಯಾವ ರೈಲು ಕೂಗಿದರೂ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು. ನನ್ನ ಚಟ ಇನ್ನೂ ಒಂದು ಹೆಜ್ಜೆ ಮುಂದೆ. ಆ ರೈಲು ಹಿಡಿದರೆ ಕಡಲಿಗೆ ಎಷ್ಟು ಕಡಿಮೆ ದುಡ್ಡಿನಲ್ಲಿ ತಲುಪಬಹುದು ಎಂದೂ ಲೆಕ್ಕ ಹಾಕುತ್ತೇನೆ.

ಲೆಕ್ಕದಲ್ಲಿ ನನಗಿಂತ ಗಟ್ಟಿಗ ನನ್ನ ಜೊತೆಗಾರ. ಮಿರ್ಜಾಲ್‌ಗುಡದವನು, ಮನೆಮಾತು ತೆಲುಗು. ಕನ್ನಡದಲ್ಲಿ ‘ಎಷ್ಟು?’, ‘ಬೇಡ’, ‘ಇನ್ನೊಂದು ಸ್ವಲ್ಪ ಸಾರು’ ಇಷ್ಟು ಬರುತ್ತದೆ. ಕರಾವಳಿಯಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ ಎಂಬುದು ಅವನ ಅನುಭವ. ಚಳಿಗಾಲ ಬಂತೆಂದರೆ ನಾವಿಬ್ಬರೂ ಚೀಲ ಬೆನ್ನಿಗೇರಿಸಿ ಉತ್ತರ ಕನ್ನಡದ ಕಡಲಂಚಿಗೆ ಹೊರಡುತ್ತೇವೆ. ಕಾರಿಲ್ಲ, ಮುಂಗಡ ಕಾದಿರಿಸಿದ ಕೋಣೆಯಿಲ್ಲ.

2024ರಲ್ಲಿ ನಮ್ಮಂಥವರ ಅದೃಷ್ಟ ಎರಡು ಸಲ ಖುಲಾಯಿಸಿತು. ಸಿಕಂದರಾಬಾದಿನಿಂದ ವಾಸ್ಕೋಗೆ ಹೊಸ ರೈಲು ಬಂತು. ಬಳ್ಳಾರಿ, ಗದಗ, ಹುಬ್ಬಳ್ಳಿಯನ್ನು ದಾಟಿ ಲೋಂಡಾದ ಕಾಡಿನೊಳಗಿಂದ ಘಟ್ಟ ಇಳಿಯುವ ಗಾಡಿ. ಕಾಚಿಗುಡದಿಂದ ಮಂಗಳೂರಿಗೆ ಹೋಗುತ್ತಿದ್ದ ಗಾಡಿ ಮುರುಡೇಶ್ವರದವರೆಗೆ ಬೆಳೆಯಿತು. ಈ ಎರಡನೆಯದು ನನಗೆ ಬಲು ಪ್ರಿಯ. ಪಕ್ಕದ ರಾಜ್ಯದ ಕಡಲಿಗೆ ಹೋಗಲು ಕರ್ನೂಲು, ಕಾಟ್ಪಾಡಿ, ಪಾಲಕ್ಕಾಡ್, ಕೋಳಿಕ್ಕೋಡ್, ಕಾಸರಗೋಡು ಎಂದು ಅರ್ಧ ದಕ್ಷಿಣ ಭಾರತಕ್ಕೆ ಪ್ರದಕ್ಷಿಣೆ ಹಾಕುತ್ತದೆ. ಆತುರ ಇರುವವರು ಅದನ್ನು ಹತ್ತಬಾರದು. ನಾವು ವಾಸ್ಕೋ ಗಾಡಿಯಲ್ಲಿ ಹೋಗಿ ಮಡಗಾಂವಿನಲ್ಲಿ ಇಳಿದು, ಅಲ್ಲಿಂದ ಮಂಗಳೂರಿನ ಪ್ಯಾಸೆಂಜರ್ ಹಿಡಿದು ಕಾರವಾರ ಸೇರುತ್ತೇವೆ. ದಕ್ಷಿಣಕ್ಕೆ ಸರಿಯುತ್ತ ಸರಿಯುತ್ತ ಮುರುಡೇಶ್ವರ ತಲುಪಿ ಪ್ರದಕ್ಷಿಣೆಯ ಗಾಡಿಯಲ್ಲಿ ಮನೆಗೆ ಮರಳುತ್ತೇವೆ.

ಚೀಲ ತುಂಬುವುದು ಈ ವಿದ್ಯೆಯ ಮೊದಲ ಪಾಠ. ಖಾಲಿ ಮಾಡುವುದು ಎರಡನೆಯದು. ತುಂಬಿದ ಮೇಲೆ ಅರ್ಧ ತೆಗೆದಿಡಬೇಕು. ಕೊನೆಯಲ್ಲಿ ಉಳಿಯುವುದು ಎರಡು ಅಂಗಿ, ಒಂದು ಚಡ್ಡಿ, ಬ್ಯಾಟರಿ, ಸಾಬೂನಿನ ತುಂಡು, ಹಗ್ಗ, ಚಕ್ಕುಲಿ ಮತ್ತು ಪಂಚೆ. ಪರ್ವತಾರೋಹಿಗಳಿಗಾಗಿ ಲೋಕದಲ್ಲಿ ಏನೇನೋ ಸಾಮಾನು ತಯಾರಾಗಿದೆ, ಪಂಚೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಉಟ್ಟುಕೊಳ್ಳಬಹುದು, ಹೊದೆಯಬಹುದು, ಮರಳಿನ ಮೇಲೆ ಹಾಸಬಹುದು, ಬಿಸಿಲಿಗೆ ತಲೆಗೆ ಸುತ್ತಬಹುದು, ಬಟ್ಟೆ ಬದಲಿಸುವಾಗ ಗೋಡೆಯಾಗಿ ಹಿಡಿಯಬಹುದು; ಉಪ್ಪುನೀರಲ್ಲಿ ನೆನೆದರೂ ಊಟ ಮುಗಿಯುವಷ್ಟರಲ್ಲಿ ಒಣಗಿರುತ್ತದೆ.

ಜೊತೆಗೆ ಎಷ್ಟು ಜನ ಇರಬೇಕು? ನನ್ನ ಮತದಲ್ಲಿ ಒಬ್ಬನೇ. ಒಂಟಿಯಾಗಿ ಹೋದವನು ಸ್ನಾನಕ್ಕಿಳಿದಾಗ ಚೀಲ ಕಾಯುವವರಿಲ್ಲ, ಕೋಣೆಯ ಬಾಡಿಗೆ ಪೂರ್ತಿ ಅವನ ತಲೆಗೇ. ಮೂವರಾದರೆ ಬಹುಮತ ಹುಟ್ಟುತ್ತದೆ, ಬಹುಮತ ಹುಟ್ಟಿದ ಕೂಡಲೇ ರಾಜಕೀಯ. ಇಬ್ಬರಿದ್ದರೆ ಸಮಬಲ. ಜಗಳವಾದರೆ ರಾಜಿಯಾಗದೆ ಗತಿಯಿಲ್ಲ, ಏಕೆಂದರೆ ದುಡ್ಡು ಒಬ್ಬನ ಜೇಬಿನಲ್ಲಿ, ದಾರಿ ಇನ್ನೊಬ್ಬನ ತಲೆಯಲ್ಲಿ. ನನ್ನ ಜೊತೆಗಾರ ಖರ್ಚಿನ ಪುಸ್ತಕ ಇಟ್ಟಿದ್ದಾನೆ. ಅದರಲ್ಲಿ ಚಹಾಕ್ಕೆ ಒಂದು ಕಾಲಮ್ಮು, ಬಸ್ಸಿಗೆ ಒಂದು. ‘ಬರಹಗಾರನ ಹಠ’ ಎಂದು ಮೂರನೆಯದು. ನಾನು ಎರಡನೆಯ ಸಲ ಮೀನು ಹುರಿಸಿಕೊಂಡರೆ ಅದು ಮೂರನೆಯ ಕಾಲಮ್ಮಿಗೆ ಹೋಗುತ್ತದೆ.

ಅಗ್ಗದ ತಿರುಗಾಟ ಎಂದರೆ ಉಳಿತಾಯ ಎಂದು ಮೊದಲು ಅಂದುಕೊಂಡಿದ್ದೆವು. ಹೋಗುತ್ತ ಹೋಗುತ್ತ ಗೊತ್ತಾಗಿದ್ದು ಬೇರೆ. ದುಡ್ಡು ಕಡಿಮೆಯಿದ್ದವನಿಗೆ ಹೊಳೆಗಳು ಕಾಣಿಸುತ್ತವೆ. ಹೆದ್ದಾರಿಯಲ್ಲಿ ಕಾರು ಓಡಿಸುವವನ ಪಾಲಿಗೆ ಕರಾವಳಿ ಅಂದರೆ ಬಲಗಡೆಯೋ ಎಡಗಡೆಯೋ ಉದ್ದಕ್ಕೆ ಎಳೆದ ನೀಲಿ ಗೆರೆ. ಕಾಲ್ನಡಿಗೆ, ಬಸ್ಸು, ದೋಣಿಗಳಲ್ಲಿ ಹೋಗುವವನಿಗೆ ಅದು ತುಂಡು ತುಂಡಾದ ನೆಲ. ಪ್ರತಿ ತುಂಡಿನ ಕೊನೆಗೂ ಒಂದು ಅಳಿವೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ: ಈ ನಾಲ್ಕನ್ನು ಹೇಗೆ ದಾಟುವುದು ಎಂಬುದೇ ನಮ್ಮ ಪ್ರಯಾಣದ ಕಥೆ.

ಕಾಳಿಯನ್ನು ದಾಟಿಸುವುದು ರೈಲೇ. ಕಾರವಾರದಲ್ಲಿ ಇಳಿದು, ಸದಾಶಿವಗಡಕ್ಕೆ ಎದುರಾಗಿ ಅಳಿವೆಯ ಬಳಿ ಕೂತಾಗ ನೆನಪಾಗುವವರು ರವೀಂದ್ರನಾಥ ಠಾಕೂರರು. 1880ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಇಲ್ಲಿಯೇ. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿಯಲ್ಲಿ ಮೇಲಕ್ಕೆ ಹೋಗಿ, ನೀರಿನ ಇಳಿತದ ಜೊತೆ ಹಿಂದಿರುಗಿ, ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಖರ್ಚಿಲ್ಲದ ವಿಹಾರ ಎಂದರೆ ಇದೇ ಎಂದು ಜೊತೆಗಾರನಿಗೆ ಹೇಳಿದೆ. ‘ನ್ಯಾಯಾಧೀಶ ಅಣ್ಣ ಇದ್ದರೆ ನಮಗೂ ಖರ್ಚಿರುವುದಿಲ್ಲ’ ಎಂದ.

ಕಾರವಾರದಿಂದ ಅಂಕೋಲೆಗೆ ಕೆಂಪು ಬಸ್ಸು. 1930ರಲ್ಲಿ ಎಂ.ಪಿ. ನಾಡಕರ್ಣಿಯವರು ಕಾನೂನು ಮುರಿದು ಉಪ್ಪು ತೆಗೆದ ಊರು ಇದು. ಅಂಕೋಲೆ ದಾಟಿದ ಮೇಲೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯನ್ನೂ ಅದರ ಬದಿಯ ಚಹಾದಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿಯ ಕಡೆಗೆ ನೂಕಿದ ಜಾಗ. ನಮ್ಮಂಥವರ ಪ್ರಯಾಣ ನಿಂತಿರುವುದೇ ಅಂಥ ಅಂಗಡಿಗಳ ಬೆಂಚಿನ ಮೇಲೆ. ದಾರಿ ಕೇಳುವುದು, ಚೀಲ ಇಡುವುದು, ಬಸ್ಸಿಗೆ ಕಾಯುವುದು ಎಲ್ಲ ಅಲ್ಲೇ. ಅಲ್ಲಿ ಬಸ್ಸು ನಿಧಾನವಾದಾಗ ಜೊತೆಗಾರ ಪುಸ್ತಕ ಮುಚ್ಚುತ್ತಾನೆ.

ಗಂಗಾವಳಿಯನ್ನು ದಾಟಿಸುವುದು ಬಸ್ಸೇ; ಆಚೆಗೆ ಗೋಕರ್ಣ. ಗೋಕರ್ಣದ ಬಗ್ಗೆ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಮುಖ್ಯವಾದದ್ದು ದೇವಸ್ಥಾನದ ಬೀದಿಯಿಂದ ದಕ್ಷಿಣಕ್ಕೆ ಗುಡ್ಡದ ಅಂಚಿನಲ್ಲಿ ಸಾಗುವ ಕಾಲುದಾರಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಆಮೇಲೆ ಬೇಲೆಕಾನ. ಕೆಂಪು ಮುರಕಲ್ಲಿನ ಮೇಲೆ ಹತ್ತುವುದು, ಗೇರು ಮರಗಳ ನೆರಳಲ್ಲಿ ಇಳಿಯುವುದು. ಪ್ರತಿ ಇಳಿತದ ಕೊನೆಗೆ ಒಂದು ಕಡಲತೀರ. ಮುಂದೆ ಹೋದಷ್ಟೂ ಜನ ಕಡಿಮೆ, ಬಂಡೆಗಳು ಹೆಚ್ಚು. ಕೆಲವು ಕಡೆ ಬಂಡೆಗಳ ಬುಡದಲ್ಲಿ ಹಾದು ಹೋಗಬೇಕು, ನೀರು ಏರಿದಾಗ ಆ ದಾರಿಯೇ ಇರುವುದಿಲ್ಲ. ಇಲ್ಲಿ ಬೇಕಾಗುವುದು ಪಂಚಾಂಗ. ಹುಣ್ಣಿಮೆ, ಅಮಾವಾಸ್ಯೆಗಳ ಆಚೀಚೆ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ದಿನಕ್ಕೆ ಎರಡು ಉಬ್ಬರ. ಇವತ್ತಿನ ಉಬ್ಬರ ನಾಳೆ ಐವತ್ತು ನಿಮಿಷದಷ್ಟು ತಡ. ಇಷ್ಟು ಗೊತ್ತಿದ್ದರೆ ಸಾಕು. ನಮ್ಮ ಓಣಿಯಲ್ಲಿ ತಿಥಿ ನೋಡುವುದು ಹಬ್ಬಕ್ಕೆ, ವ್ರತಕ್ಕೆ. ನಾನು ನೋಡುವುದು ಬಂಡೆಗಳ ಬುಡ ಎಷ್ಟು ಹೊತ್ತಿಗೆ ಒಣಗಿರುತ್ತದೆ ಎಂದು.

ಬೇಲೆಕಾನದಿಂದ ತದಡಿ ಹತ್ತಿರ. ಅಲ್ಲಿ ಅಘನಾಶಿನಿ ಸಮುದ್ರ ಸೇರುತ್ತಾಳೆ, ಅಲ್ಲಿಯೇ ನಮ್ಮ ಪ್ರಯಾಣದ ಅತಿ ಸೊಗಸಿನ ಭಾಗ. ಕಾಳಿಗೆ ಸೂಪಾ, ಶರಾವತಿಗೆ ಲಿಂಗನಮಕ್ಕಿ ಇದ್ದಂತೆ ಇವಳಿಗೆ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು ತಡೆಯಿಲ್ಲದೆ ಇಳಿದು ಬಂದು ಉಪ್ಪಿನ ಜೊತೆ ಬೆರೆಯುತ್ತದೆ. ಆದ್ದರಿಂದಲೇ ಇಲ್ಲಿಯ ಅಳಿವೆ ಇಷ್ಟು ಸಮೃದ್ಧ. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಮೊಣಕಾಲಷ್ಟು, ಸೊಂಟದಷ್ಟು ನೀರಿನಲ್ಲಿ ನಿಂತು ಚಿಪ್ಪಿ ಹೆಕ್ಕುತ್ತಾರೆ. ಹಿಂದಿನ ಗಜನಿ ಗದ್ದೆಗಳಲ್ಲಿ ಕಗ್ಗ ಬೆಳೆಯುತ್ತದೆ, ಉಪ್ಪುನೀರನ್ನು ತಾಳಿಕೊಳ್ಳುವ ಭತ್ತ. ಇನ್ನೊಂದು ಮಗ್ಗುಲಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು. ಅಲ್ಲಿಗೆ ಹತ್ತಿರದಲ್ಲೇ ಯಶವಂತ ಚಿತ್ತಾಲರ ಹನೇಹಳ್ಳಿ. ಅವರು ಮುಂಬಯಿಯಲ್ಲಿ ಕೂತು ಜೀವಮಾನವಿಡೀ ಬರೆದದ್ದು ಈ ಚಿಕ್ಕ ಊರನ್ನು. ಮಲ್ಕಾಜ್‌ಗಿರಿಯಲ್ಲಿ ಕೂತು ಓದಿದವನಿಗೆ ಅದರ ಕಾರಣ ಬೇಗ ಅರ್ಥವಾಗುತ್ತದೆ.

ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ. ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಮೋಟಾರುಬೈಕು, ಅಕ್ಕಿಮೂಟೆ, ನಾವಿಬ್ಬರು. ದಾಟಲು ಹಿಡಿಯುವುದು ಕೆಲವೇ ನಿಮಿಷ. ಕಾಯಲು ಹಿಡಿಯುವುದು ಅದಕ್ಕಿಂತ ಬಹಳ ಹೆಚ್ಚು, ನಾವು ಹೋಗುವುದು ಆ ಕಾಯುವಿಕೆಗೇ. ದಡದಲ್ಲಿ ಕಾದು ಕೂತವರನ್ನು ಯಾರಾದರೂ ಮಾತಾಡಿಸದೆ ಬಿಡುವುದಿಲ್ಲ. ಯಾವ ಊರು, ಮಕ್ಕಳೆಷ್ಟು, ಹೈದರಾಬಾದಿನಲ್ಲಿ ಬಂಗಡೆಗೆ ಎಷ್ಟು ರೇಟು. ರಾತ್ರಿ ಎಲ್ಲಿ ಮಲಗುತ್ತೀರಿ ಎಂಬ ಪ್ರಶ್ನೆಗೆ ನಾವು ಉತ್ತರಿಸುವ ಮೊದಲೇ ಅವರಲ್ಲೇ ಒಬ್ಬರು ಯಾರದೋ ಮನೆಯ ಹೆಸರು ಹೇಳುತ್ತಾರೆ. ನಮ್ಮ ಕೋಣೆಗಳು ಗೊತ್ತಾಗುವುದು ಹೀಗೆ. ದುಡ್ಡಿದ್ದವನಿಗೆ ಪರಿಚಯ ಬೇಕಾಗುವುದಿಲ್ಲ. ನಮಗೆ ಪರಿಚಯವೇ ಚಲಾವಣೆಯ ನಾಣ್ಯ.

ಆ ದಡದಿಂದ ಕುಮಟೆ, ಕುಮಟೆಯಿಂದ ಹೊನ್ನಾವರ. ಹೊನ್ನಾವರದ ನಿಲ್ದಾಣದಲ್ಲಿ ಮತ್ತೆ ಪ್ಯಾಸೆಂಜರ್ ಹತ್ತಿದರೆ ಶರಾವತಿಯ ಸೇತುವೆ, 2,065 ಮೀಟರು, ಕೊಂಕಣ ರೈಲ್ವೆಯಲ್ಲಿಯೇ ಉದ್ದದ್ದು. ಬಾಗಿಲ ಬಳಿ ನಿಂತರೆ ಕುದುರುಗಳು, ತೆಂಗು, ಬಲೆ ಎಳೆಯುವ ದೋಣಿ, ಮತ್ತೆ ಕುದುರು. ಆಚೆ ಕಾಸರಕೋಡು. ಅಲ್ಲಿಯ ಟೊಂಕದ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯಿಟ್ಟ ಜಾಗಕ್ಕೆ ಬಲೆಯ ಬೇಲಿ ಕಟ್ಟಿ ಕಾಯುತ್ತಾರೆ. ಮರಳಿನ ಬಿಸಿಯಲ್ಲಿ ಒಂದೂವರೆ ಎರಡು ತಿಂಗಳು ಕಳೆದು ಮರಿಗಳು ಹೊರಬಂದು ಅಲೆಯ ಕಡೆ ತೆವಳುತ್ತವೆ.

ಈ ಆಮೆಗಳ ಮಾತು ಬಂದಾಗಲೆಲ್ಲ ಅಕ್ಕನ ಮಗಳು ಮೆಕ್ಸಿಕೋ ಕಥೆ ತೆಗೆಯುತ್ತಾಳೆ. ಅವಳೂ ಅವಳ ಗೆಳತಿಯೂ ಅಲ್ಲಿಯ ಒಹಾಕಾ ರಾಜ್ಯದ ಪೆಸಿಫಿಕ್ ತೀರದಲ್ಲಿ ಹೀಗೇ ಚೀಲ ಹೊತ್ತು ಸುತ್ತಿದವರು. ಸಿಪೊಲಿತೆ, ಮಸುಂತೆ ಎಂಬ ಊರುಗಳು. ಹಿಂಬದಿಯಲ್ಲಿ ಬೆಂಚು ಜೋಡಿಸಿದ ಪಿಕಪ್ ವ್ಯಾನಿನಲ್ಲಿ ಊರಿಂದೂರಿಗೆ ಪ್ರಯಾಣ. ರಾತ್ರಿಗೆ ಕೋಣೆಯ ಬದಲು ಹುಲ್ಲಿನ ಚಪ್ಪರದ ಕೆಳಗೆ ಬಾಡಿಗೆಯ ತೂಗುಬಲೆ. ಮಸುಂತೆ ಒಂದು ಕಾಲದಲ್ಲಿ ಬದುಕಿದ್ದೇ ಆಮೆ ಕಡಿಯುವ ಕಸುಬಿನಿಂದ. 1990ರಲ್ಲಿ ಮೆಕ್ಸಿಕೋ ಸರ್ಕಾರ ಆಮೆ ಬೇಟೆಯನ್ನು ನಿಷೇಧಿಸಿತು. ಕಸುಬು ಹೋದ ಊರಿನಲ್ಲಿ ಕೆಲವೇ ವರ್ಷಗಳಲ್ಲಿ ಆಮೆಗಳ ಕೇಂದ್ರ ತೆರೆಯಿತು, ಊರವರು ಪ್ರವಾಸಿಗಳ ಕಡೆ ತಿರುಗಿದರು. ಅಲ್ಲಿ ಮೊಟ್ಟೆಯಿಡುವುದೂ ಆಲಿವ್ ರಿಡ್ಲೆಯೇ. ಟೊಂಕದ ಆಮೆಯೂ ಮಸುಂತೆಯ ಆಮೆಯೂ ಒಂದೇ ಕುಲ ಎಂದು ಗೊತ್ತಾದಾಗ ಜೊತೆಗಾರ ಕೇಳಿದ್ದು ಒಂದೇ: ಆ ತೂಗುಬಲೆಯ ಬಾಡಿಗೆ ಎಷ್ಟು?

ನಮ್ಮ ಜಗಳಗಳೂ ಇಂಥವೇ. ಅವನಿಗೆ ಫ್ಯಾನು ಐದರಲ್ಲಿ ತಿರುಗಬೇಕು, ನನಗೆ ಎರಡರಲ್ಲಿ. ಅವನು ಬೆಳಗಿನ ಜಾವ ಎದ್ದು ಮೀನಿನ ದಕ್ಕೆಗೆ ಹೋಗಿ ಹರಾಜು ನೋಡುತ್ತಾನೆ, ನಾನು ಬನ್ಸಿನ ಬಾಣಲೆ ಕಾದ ಮೇಲೆ ಏಳುವವನು. ಊಟದ ಹೊತ್ತಿಗೆ ಮಾತ್ರ ಭೇದವಿಲ್ಲ. ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು, ಕೊನೆಗೆ ಸೋಲ್ ಕಡಿ. ಆ ಹೊತ್ತಿನಲ್ಲಿ ಖರ್ಚಿನ ಪುಸ್ತಕಕ್ಕೂ ರಜ.

ತದಡಿಯ ದಡದಲ್ಲಿ ಕಾಯುತ್ತಿರುವಾಗ ಒಮ್ಮೆ ಅವನೇ ಕೇಳಿದ: ಇಲ್ಲಿಗೆ ಸೇತುವೆ ಬಂದರೆ? ಬರಲಿ ಎಂದೆ. ನಡುರಾತ್ರಿ ಹೆರಿಗೆ ನೋವು ಬಂದವಳು, ಮಳೆಗಾಲದಲ್ಲಿ ಶಾಲೆಗೆ ಹೋಗುವ ಹುಡುಗ, ಮೀನು ಮಾರಿ ಊರು ಮುಟ್ಟಬೇಕಾದ ಹೆಂಗಸು ನಮ್ಮ ರಸಿಕತೆಗಾಗಿ ದೋಣಿ ಕಾಯಬೇಕಿಲ್ಲ. ನಮಗೆ ಕಾಯುವುದು ಸುಖ ಏಕೆಂದರೆ ನಮಗೆ ಆಚೆ ದಡದಲ್ಲಿ ಕೆಲಸವಿಲ್ಲ. ಸೇತುವೆ ಬಂದ ಮೇಲೂ ನಿಧಾನವಾಗಿ ಹೋಗುವ ಹಕ್ಕು ನಮ್ಮ ಕಾಲಿಗೆ ಇದ್ದೇ ಇರುತ್ತದೆ. ನಡೆದು ದಾಟಿದರಾಯಿತು. ಟಿಕೆಟಿನ ದುಡ್ಡೂ ಉಳಿಯುತ್ತದೆ ಎಂದು ಜೊತೆಗಾರ ಆಗಲೇ ಹಿಗ್ಗಿದ್ದಾನೆ.