ಗಾಳದ ಸಂಚಿ

ಸಂಚಿ ಎಂಬ ಮಾತು ನಮ್ಮ ಮೂರು ಭಾಷೆಗಳಿಗೂ ಸೇರಿದ್ದು. ತೆಲುಗಿನಲ್ಲಿ ಅಕ್ಕಿಯ ಮೂಟೆಯಿಂದ ಹಿಡಿದು ಕೈಚೀಲದ ತನಕ ಎಲ್ಲವೂ ಸಂಚಿಯೇ. ಮಲಯಾಳದಲ್ಲಿ ಪೇಟೆಗೆ ಹೊರಟವರ ಕೈಯಲ್ಲಿರುವುದೂ ಸಂಚಿಯೇ, ಬಾಯಲ್ಲಿ ಸ್ವಲ್ಪ ಮೆತ್ತಗಾಗಿ 'ಸಂಜಿ' ಎಂದು ಕೇಳಿಸುತ್ತದೆ. ಕನ್ನಡದಲ್ಲಿ ಮಾತ್ರ ಅದು ಕುಗ್ಗಿ ಎಲೆ ಅಡಿಕೆಯ ಚೀಲವಾಗಿದೆ. ಹಾಗೆಂದು ಅದರ ಗೌರವ ಕಡಿಮೆಯೇನಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಆ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದು ಸಂಚಿಯ ಹೊನ್ನಮ್ಮ ಎಂದೇ ಉಳಿದಳು. ಈಗ ನಾನು ಹೇಳಹೊರಟಿರುವುದು ಮಾತ್ರ ಇವು ಯಾವುವೂ ಅಲ್ಲದ ಒಂದು ಸಂಚಿಯ ವಿಷಯ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕುಳಿತು ಮೀನು ಹಿಡಿಯುವವರು ತಮ್ಮ ಗಾಳ, ಕೋಲುಗಳನ್ನು ತುಂಬಿಕೊಂಡು ಹೋಗುವ ಸಂಚಿ.

ಓದುಗರು ನಗಬಹುದು. ನನ್ನ ಊರು ಸೋಮಂದೇಪಲ್ಲಿ. ಹಿಂದೂಪುರಕ್ಕೂ ಪೆನುಕೊಂಡಕ್ಕೂ ನಡುವೆ, ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಮೊದಲು ಅನಂತಪುರ ಜಿಲ್ಲೆ ಎಂದು ಬರೆಯುತ್ತಿದ್ದೆವು, 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆ ಎಂದು ಬರೆಯುತ್ತೇವೆ. ಹೆಸರು ಯಾವುದಾದರೂ ಮಳೆ ಅಷ್ಟೇ. ನಮ್ಮ ಕಡೆಯ ಕೆರೆಗಳಲ್ಲಿ ನೀರು ನಿಂತರೆ ಅದೇ ಒಂದು ಸುದ್ದಿ. ಅಂಥಲ್ಲಿ ಹುಟ್ಟಿದವನಿಗೆ ನೀರು ಕಲ್ಲಾಗುವುದೂ ಅದರ ಮೇಲೆ ಜನ ನಡೆಯುವುದೂ ಪುರಾಣದ ಮಾತಿನಂತೆ ಕೇಳಿಸುವುದು ಸಹಜ. ಕಾಸರಗೋಡಿನವರಾದ ತಮಗೆ ಮೀನು ಮತ್ತು ಮಂಜುಗಡ್ಡೆಯ ಸಂಬಂಧ ಚೆನ್ನಾಗಿ ಗೊತ್ತು. ಆದರೆ ತಮ್ಮಲ್ಲಿ ಮೀನು ಮಂಜುಗಡ್ಡೆಯನ್ನು ಕಾಣುವುದು ಸತ್ತ ಮೇಲೆ. ಅಲ್ಲಿ ಅದು ಬದುಕಿರುವಾಗಲೇ ತಲೆಯ ಮೇಲೆ ಹೊತ್ತುಕೊಂಡಿರುತ್ತದೆ.

ನನಗೂ ಈ ವಾರ್ಷಿಕಕ್ಕೂ ಇರುವ ನಂಟನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಬೀಗರು ಕಾಸರಗೋಡಿನ ಕಡೆಯವರು. ಅಳಿಯಂದಿರು ಪಯಸ್ವಿನಿ ಹೊಳೆಯ ದಂಡೆಯಲ್ಲಿ, ತೆಂಗಿನ ಗೆರಟೆಯಲ್ಲಿ ಎರೆಹುಳ ತುಂಬಿಕೊಂಡು ಗಾಳ ಹಾಕುತ್ತ ಬೆಳೆದವರು. ಮನೆಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ. ನಮ್ಮದು ಮಗ್ಗದ ಮನೆ. ಒಳಗೆ ಕನ್ನಡ, ಬಾಗಿಲು ದಾಟಿದರೆ ತೆಲುಗು. ನಾನು ಓದಿದ್ದು ತೆಲುಗಿನಲ್ಲಿ, ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ್ದೂ ತೆಲುಗಿನಲ್ಲಿ. ಕನ್ನಡದ ಅಕ್ಷರಗಳನ್ನು ಅಪ್ಪ ಮಗ್ಗದ ಗುಂಡಿಯಲ್ಲಿ ಕುಳಿತೇ ಹೇಳಿಕೊಟ್ಟರು. ಎರಡು ಲಿಪಿಗಳೂ ಅಕ್ಕತಂಗಿಯರಾದ್ದರಿಂದ ತಲೆಕಟ್ಟು ಬದಲಾಯಿಸಿದರೆ ಅರ್ಧ ಕೆಲಸ ಮುಗಿದಂತೆ. ಯೋಚಿಸಿ ನೋಡಿದರೆ ನಮ್ಮಿಬ್ಬರ ಸೀಮೆಗಳೂ ಒಂದು ಕಾಲದಲ್ಲಿ ಮದರಾಸಿಗೆ ಸೇರಿದ್ದವು. 1953ರಲ್ಲಿ ನಮ್ಮದು ಆಂಧ್ರಕ್ಕೆ ಹೋಯಿತು, 1956ರ ನವೆಂಬರ್ 1ರಂದು ತಮ್ಮದು ಕೇರಳಕ್ಕೆ ಹೋಯಿತು. ಎರಡು ಗಡಿಗಳ ಮಕ್ಕಳು ಮದುವೆಯಾಗಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನ್ನಿಯಾಪೊಲಿಸ್ ನಗರದ ಹತ್ತಿರ ಮನೆ ಮಾಡಿದ್ದಾರೆ.

ಆ ರಾಜ್ಯವನ್ನು 'ಹತ್ತು ಸಾವಿರ ಕೆರೆಗಳ ನಾಡು' ಎಂದು ಕರೆಯುತ್ತಾರೆ. ಹತ್ತು ಎಕರೆಗೆ ಮೇಲ್ಪಟ್ಟವುಗಳನ್ನೇ ಎಣಿಸಿದರೂ 11,842 ಆಗುತ್ತವೆಯಂತೆ. ಚಳಿಗಾಲದಲ್ಲಿ ಅವೆಲ್ಲವೂ ಬೆಳ್ಳಗೆ ಮುಚ್ಚಿಕೊಳ್ಳುತ್ತವೆ. 2025ರ ಜನವರಿಯಲ್ಲಿ ನಾನು ಹೋದಾಗ ಮನೆಯ ಹತ್ತಿರದ ಕೆರೆಯ ಮೇಲೆ ಸಣ್ಣಸಣ್ಣ ಗುಡಾರಗಳು ಎದ್ದಿದ್ದವು. ಜಾತ್ರೆಯೋ ಎಂದು ಕೇಳಿದೆ. "ಮೀನು ಹಿಡಿಯುವವರು ಮಾವ," ಎಂದರು ಅಳಿಯಂದಿರು. ಅವರ ಕಣ್ಣಿನಲ್ಲಿ ಪಯಸ್ವಿನಿಯ ಹುಡುಗ ಇಣುಕುತ್ತಿದ್ದ.

ಇದರ ಹಿಂದಿನ ವಿಜ್ಞಾನವನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ನೀರು ಎಲ್ಲಕ್ಕಿಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೇರುತ್ತದೆ, ಮೇಲೆಯೇ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಂಬಳಿಯಂತೆ ಹೊದ್ದುಕೊಂಡು ಕೆಳಗಿನ ನೀರನ್ನು ಕಾಯುತ್ತದೆ. ಮೀನು ತಳದಲ್ಲಿ ಬದುಕಿರುತ್ತದೆ. ಹಿಮ ಕಾಣದ ಮಕ್ಕಳಿಗೆ ಹಿಮ ಕಾಣದ ಮೇಷ್ಟ್ರು ಹೇಳಿದ ಈ ಪಾಠ ನಿಜವೆಂದು ಕಾಲಿನ ಕೆಳಗೆ ಗೊತ್ತಾದದ್ದು ಅಲ್ಲಿಯೇ. ಆ ನಾಡಿನ ಮೂಲನಿವಾಸಿಗಳಾದ ಒಜಿಬ್ವೆ ಜನ ಶಾಲೆ ಪುಸ್ತಕಗಳು ಬರುವುದಕ್ಕೆ ಎಷ್ಟೋ ಮೊದಲು ಇದನ್ನರಿತು, ಹಿಮದಲ್ಲಿ ತೂತು ಕೊರೆದು, ಮರದ ಹುಸಿಮೀನನ್ನು ಇಳಿಬಿಟ್ಟು, ಹತ್ತಿರ ಬಂದ ಮೀನನ್ನು ಭರ್ಜಿಯಿಂದ ತಿವಿದು ಹಿಡಿಯುತ್ತಿದ್ದರು.

ಈಗಿನವರ ಸಾಮಾನು ಬೇರೆ. ಹಿಮ ಕೊರೆಯಲು ಆಳೆತ್ತರದ ಬೈರಿಗೆ. ತೂತಿನಲ್ಲಿ ಮತ್ತೆ ಕಟ್ಟುವ ಹಿಮದ ಚೂರುಗಳನ್ನು ತೆಗೆಯಲು, ನಮ್ಮ ಅಡಿಗೆಮನೆಯ ಜಾಲರಿ ಸೌಟಿನಂಥದ್ದೇ ಒಂದು ಸೌಟು. ಗಾಳದ ಕೋಲುಗಳು ಎರಡು, ಎರಡೂವರೆ ಅಡಿ ಮಾತ್ರ. ತೂತಿನ ಪಕ್ಕದಲ್ಲೇ ಕೂರುವವನಿಗೆ ಉದ್ದ ಕೋಲು ಏಕೆ? ಅಲ್ಲಿನ ಕಾಯಿದೆಯ ಪ್ರಕಾರ ಹಿಮದ ಮೇಲೆ ಒಬ್ಬನಿಗೆ ಎರಡು ಗಾಳ. ಇವುಗಳ ಜೊತೆಗೆ ನೂಲು ಸುತ್ತುವ ರಾಟೆಗಳು, ಕಾಳಿನಷ್ಟು ಸಣ್ಣ ಗಾಳದ ಗುಂಡುಗಳು, ನೀರಿನೊಳಗಿನ ಮೀನನ್ನು ಧ್ವನಿತರಂಗದಿಂದ ತೋರಿಸುವ ಒಂದು ಯಂತ್ರ, ಅದರ ಬ್ಯಾಟರಿ, ಹುಳುವಿನ ಡಬ್ಬಿ. ಬೈರಿಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದು ಚೀಲದೊಳಗೆ ಸೇರಬೇಕು. ಕೋಲಿನ ತುದಿ ಮುರಿಯಬಾರದು, ಗಾಳಗಳು ಒಂದಕ್ಕೊಂದು ಸಿಕ್ಕಬಾರದು, ಬ್ಯಾಟರಿಗೆ ಚಳಿ ತಾಗಬಾರದು.

ರವಿಕೆ ಹೊಲಿಸಲು ಹೋಗುವವರು ಅಳತೆಗೆ ಹಳೆಯ ರವಿಕೆ ಒಯ್ಯುವ ಹಾಗೆ ನಾವು ಕೋಲುಗಳನ್ನು ಹಿಡಿದುಕೊಂಡು ಅಂಗಡಿಗೆ ಹೋದೆವು. ಒಂಬತ್ತು ವರ್ಷದ ಮೊಮ್ಮಗನೂ ಬಂದಿದ್ದ. ಈ ಸಲ ಅವನೂ ಅಪ್ಪನ ಜೊತೆ ಹಿಮದ ಮೇಲೆ ಹೋಗಬೇಕೆಂದು ಹಟ ಹಿಡಿದಿದ್ದ. ಮಗಳು ಇನ್ನೂ ಒಪ್ಪಿರಲಿಲ್ಲ.

ಅಂಗಡಿಯಲ್ಲಿ ಚೀಲಗಳು ಗೋಡೆಯುದ್ದಕ್ಕೂ ತೂಗುತ್ತಿದ್ದವು. ಪ್ರತಿಯೊಂದರ ಚೀಟಿಯ ಮೇಲೂ 600 ಡೆನಿಯರ್, 1680 ಡೆನಿಯರ್ ಎಂದು ಬರೆದಿತ್ತು. ಅದನ್ನು ಓದಿ ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಡೆನಿಯರ್ ರೇಷ್ಮೆಯ ಲೆಕ್ಕ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. ಹಳೆಯ ಫ್ರೆಂಚ್ ನಾಣ್ಯವೊಂದರ ಹೆಸರು ರೇಷ್ಮೆಯ ತೂಕಕ್ಕೆ ಬಂದು, ಈಗ ನೈಲಾನಿಗೂ ಪಾಲಿಯೆಸ್ಟರಿಗೂ ಅಂಟಿಕೊಂಡಿದೆ. ನಮ್ಮ ಕಡೆ ಮಗ್ಗಕ್ಕೆ ಬರುವ ಕಚ್ಚಾರೇಷ್ಮೆ ಇಪ್ಪತ್ತು, ಇಪ್ಪತ್ತೆರಡು ಡೆನಿಯರಿನದು. ಹಿಂದೂಪುರದ ಗೂಡಿನ ಮಾರುಕಟ್ಟೆ ನೋಡಿದವರಿಗೆ ಈ ಮಾತು ಹೊಸದಲ್ಲ. ಹಾಗಾದರೆ 1680 ಎಂದರೆ ಎಷ್ಟು ದಪ್ಪದ ದಾರ ಎಂದು ಊಹಿಸಿ!

"ಇದೇ ಗಟ್ಟಿ, ಇದನ್ನೇ ಕೊಳ್ಳೋಣ," ಎಂದರು ಅಳಿಯಂದಿರು.

"ದಾರ ದಪ್ಪವಾದ ಮಾತ್ರಕ್ಕೆ ಬಟ್ಟೆ ಗಟ್ಟಿಯಾಗುವುದಿಲ್ಲ, ನೋಡಿ," ಎಂದೆ. ಅಪ್ಪ ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಲೆಗಳನ್ನು ಎರಡು ಕೈಯಲ್ಲಿ ಓರೆಯಾಗಿ ಎಳೆದು, ಹಾಸು ಹೊಕ್ಕುಗಳು ಜರುಗುತ್ತವೆಯೇ ಎಂದು ನೋಡುತ್ತಿದ್ದರು. ನಾನೂ ಹಾಗೆಯೇ ಮಾಡಿದೆ. ಒಂದು ಚೀಲ ಎಳೆದಾಗ ಸಡಿಲವಾಯಿತು. ಇನ್ನೊಂದಕ್ಕೆ ಹೊರಗೆ ದಪ್ಪವಾಗಿ ಪ್ಲಾಸ್ಟಿಕ್ ಹಚ್ಚಿದ್ದರು. ಅಂಥ ಲೇಪ ಕೊರೆಯುವ ಚಳಿಯಲ್ಲಿ ಹಪ್ಪಳದಂತೆ ಸೆಟೆದುಕೊಂಡು ಮಡಿಕೆಯಲ್ಲಿ ಸೀಳುತ್ತದೆ. ಮೂರನೆಯದು ಒತ್ತಾಗಿ ನೇಯ್ದದ್ದು, ಒಳಮೈಗೆ ಮಾತ್ರ ತೆಳುವಾದ ಲೇಪ. ಹಿಂಡಿದರೂ ಗೆರೆ ಬೀಳಲಿಲ್ಲ.

ಆಮೇಲೆ ಜಿಪ್ಪಿನ ಪರೀಕ್ಷೆ. ದಪ್ಪ ಕೈಗವುಸು ಹಾಕಿಕೊಂಡೇ ತೆರೆಯಲು ಅಳಿಯಂದಿರಿಗೆ ಹೇಳಿದೆ. ಸಣ್ಣ ಹಲ್ಲಿನ ಲೋಹದ ಜಿಪ್ಪು ಕೈಗೇ ಸಿಗಲಿಲ್ಲ. ಅದರಲ್ಲಿ ನೀರು ಸೇರಿ ಹೆಪ್ಪುಗಟ್ಟಿದರೆ ಆ ದಿನದ ಮಟ್ಟಿಗೆ ಚೀಲಕ್ಕೆ ಬೀಗ ಬಿದ್ದಂತೆಯೇ. ದೊಡ್ಡ ಪ್ಲಾಸ್ಟಿಕ್ ಹಲ್ಲು, ಎಳೆಯಲು ಒಂದು ಗೇಣು ಹುರಿ ಇದ್ದದ್ದು ಸಲೀಸಾಗಿ ತೆರೆಯಿತು. ತಳ ಗಟ್ಟಿಯಾಗಿ, ನೀರು ಹೀರದಂತೆ ಇರಬೇಕು, ಏಕೆಂದರೆ ಹಿಮದ ಮೇಲೆ ಇಟ್ಟ ಚೀಲ ಅಡಿಯಿಂದಲೇ ಒದ್ದೆಯಾಗುವುದು. ಬ್ಯಾಟರಿಗೆ ದಪ್ಪ ಪದರದ ಬೇರೆ ಅರೆ ಬೇಕು. ಚಳಿಯಲ್ಲಿ ಅದರ ಶಕ್ತಿ ಬೇಗ ಇಳಿಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿರುವಾಗ ಲಿಥಿಯಂ ಬ್ಯಾಟರಿಗೆ ವಿದ್ಯುತ್ ತುಂಬಲೂ ಕೂಡದು. ಬಣ್ಣ ಕಿತ್ತಳೆಯಾದರೆ ಒಳ್ಳೆಯದು, ಬಿಳಿಯ ಬಯಲಿನಲ್ಲಿ ದೂರದಿಂದ ಕಾಣುತ್ತದೆ. ಉದ್ದದ ವಿಷಯದಲ್ಲಿ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ತಿರುಗಿಸಿ, ಕೋಲು ಇದ್ದಷ್ಟು ಚೀಲ ಎಂದು ತೀರ್ಮಾನಿಸಿದೆವು. ಒಳಗೆ ಕೋಲು ಅತ್ತಿತ್ತ ಓಡಾಡುವಷ್ಟು ಜಾಗವಿದ್ದರೆ ತುದಿ ಮುರಿಯುವುದು ಖಂಡಿತ.

ಹಣ ಕೊಡುವ ಕಡೆ ನಿಂತಿದ್ದ ಮುದುಕರೊಬ್ಬರು ಮೊಮ್ಮಗನನ್ನು ನೋಡಿ, ಇವನೂ ಬರುತ್ತಾನೆಯೇ ಎಂದು ಕೇಳಿದರು. ಹೌದೆಂದಾಗ ಹಿಡಿಕೆಯುಳ್ಳ ಎರಡು ಮೊಳೆಗಳನ್ನು ಹುರಿಯಿಂದ ಜೋಡಿಸಿದ ಒಂದು ಸಾಧನವನ್ನು ತಂದಿಟ್ಟರು. ಹಿಮ ಒಡೆದು ನೀರಿಗೆ ಬಿದ್ದರೆ ಅಂಚು ಜಾರುತ್ತದೆ, ಕೈಗೆ ಹಿಡಿತ ಸಿಗುವುದಿಲ್ಲ. ಎರಡು ಕೈಯಲ್ಲಿ ಈ ಮೊಳೆಗಳನ್ನು ಹಿಡಿದು ಹಿಮಕ್ಕೆ ಚುಚ್ಚಿ, ಕಾಲು ಬಡಿಯುತ್ತ ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಅಳಿಯಂದಿರು ಒಂದು ಜೊತೆ ಕೊಂಡು ಹೊಸ ಚೀಲದ ಮುಂದಿನ ಅರೆಯಲ್ಲಿ ಇಟ್ಟರು. ಅಳತೆ ಮಾಡಿಸಿದಂತೆ ಕೂತಿತು. ಮುದುಕರು ಕೈ ಹಾಕಿ ಅದನ್ನು ಹೊರಗೆ ತೆಗೆದು, ಅಳಿಯಂದಿರ ಕೊರಳಿಗೆ ತಾವೇ ಹಾಕಿದರು. ನೀರಿನಲ್ಲಿರುವವನು ಚೀಲದ ಜಿಪ್ಪು ತೆಗೆಯುತ್ತಾ ಕೂರಲು ಆಗುವುದಿಲ್ಲ ಎಂದಷ್ಟೇ ಹೇಳಿದರು. ಇನ್ನೊಂದು ಜೊತೆಯನ್ನು ಹುಡುಗನಿಗೂ ಕೊಂಡೆವು. ಬೆನ್ನಿಗೆ ಬಿಗಿಯುವ ಪಟ್ಟಿಗಳ ಚೀಲದ ಯೋಚನೆಯನ್ನು ಅಲ್ಲಿಯೇ ಬಿಟ್ಟೆವು. ಮೈಗೆ ಕಟ್ಟಿದ ಭಾರ ನೀರಿನಲ್ಲಿ ಶತ್ರು. ಚೀಲವನ್ನು ಸಣ್ಣ ಜಾರುಬಂಡಿಯ ಮೇಲಿಟ್ಟು ಹಗ್ಗದಿಂದ ಎಳೆದುಕೊಂಡು ಹೋಗುವುದೇ ಕ್ಷೇಮ.

ಮನೆಗೆ ಬಂದಾಗ ಮಗಳು ಚೀಲದ ಕಡೆ ನೋಡಲಿಲ್ಲ, ಮಗನ ಕೊರಳನ್ನು ನೋಡಿದಳು. ಹಿಂದಿನ ಚಳಿಗಾಲದ ಸುದ್ದಿ ಅವಳಿಗೆ ಮರೆತಿರಲಿಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಅದೇ ರಾಜ್ಯದ ಅಪ್ಪರ್ ರೆಡ್ ಲೇಕ್ ಎಂಬ ದೊಡ್ಡ ಸರೋವರದಲ್ಲಿ ಹಿಮದ ಹಾಸು ದಡದಿಂದ ಬೇರ್ಪಟ್ಟು, ಮೀನು ಹಿಡಿಯಲು ಹೋಗಿದ್ದ ನೂರಕ್ಕೂ ಹೆಚ್ಚು ಮಂದಿ ಅದರ ಮೇಲೆ ಸಿಕ್ಕಿಕೊಂಡಿದ್ದರು. ಎಲ್ಲರನ್ನೂ ದಡ ಸೇರಿಸಿದ್ದು ಪುಣ್ಯ. "ಅಪ್ಪಾ, ನೀನು ಮೇಷ್ಟ್ರಲ್ಲವೇ, ನೀನೇ ಅಳೆದು ಹೇಳು," ಎಂದಳು. ನಡೆಯುವವರಿಗೆ ಸ್ವಚ್ಛವಾದ ಗಟ್ಟಿ ಹಿಮ ಕನಿಷ್ಠ 4 ಅಂಗುಲ ಇರಬೇಕೆಂದು ಅಲ್ಲಿನ ಸರಕಾರದ ಸೂಚನೆ. ಭಾನುವಾರ ದಡದಿಂದ ಹತ್ತಿಪ್ಪತ್ತು ಹೆಜ್ಜೆಗೊಂದು ತೂತು ಕೊರೆದು, ಮೊಮ್ಮಗ ಅಳತೆಪಟ್ಟಿ ಇಳಿಸಿ, ನಾನು ಓದಿ ಹೇಳುತ್ತಾ ಮುಂದೆ ಹೋದೆವು. ಎಲ್ಲಿಯೂ ಹತ್ತಕ್ಕೆ ಕಡಿಮೆ ಬರಲಿಲ್ಲ. ದಡದಲ್ಲಿ ನಿಂತಿದ್ದ ಮಗಳಿಗೆ ಹತ್ತು ಬೆರಳು ಎತ್ತಿ ತೋರಿಸಿದೆ.

ಮೀನು ಹಿಡಿದ ಕಥೆ ದೊಡ್ಡದಲ್ಲ. ಮೂರು ಗಂಟೆಗೆ ಅಂಗೈಯಗಲದ ನಾಲ್ಕು ಮೀನು. ಸಾರಿಗೆ ಸಾಕಾಯಿತು. ಬೀಗರು ಕಳಿಸಿದ್ದ ಕುಡಂಪುಳಿ ಹಾಕಿಯೋ ನಮ್ಮ ಹಿಂದೂಪುರದ ಹುಣಸೆ ಹಾಕಿಯೋ ಎಂಬ ಚರ್ಚೆ ಮಾತ್ರ ಮೀನು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ನಡೆಯಿತು.

ನನಗೆ ಹೆಚ್ಚು ನೆನಪಿರುವುದು ಆ ರಾತ್ರಿಯ ಕೆಲಸ. ಚಳಿಯಿಂದ ಬೆಚ್ಚಗಿನ ಮನೆಯೊಳಗೆ ಬಂದ ಸಾಮಾನು ಬೆವರುತ್ತದೆ. ಆದ್ದರಿಂದ ಯಂತ್ರವಿರುವ ಅರೆಯನ್ನು ಒಡನೆ ತೆರೆಯದೆ, ಅದು ಮನೆಯ ಹದಕ್ಕೆ ಬಂದ ಮೇಲೆ ತೆರೆಯಬೇಕು. ಆನಂತರ ಎಲ್ಲವನ್ನೂ ಹೊರತೆಗೆದು, ಒರೆಸಿ, ಚೀಲವನ್ನು ಬಾಯಿ ಬಿಚ್ಚಿ ನೇತುಹಾಕಬೇಕು. ಹಾಗೆ ಮಾಡದಿದ್ದರೆ ಗಾಳಕ್ಕೆ ತುಕ್ಕು, ಬಟ್ಟೆಗೆ ಬೂಷ್ಟು. ಮೊಮ್ಮಗ ಒಂದೊಂದಾಗಿ ಎತ್ತಿಕೊಡುತ್ತಾ ಹೆಸರು ಕೇಳಿದ. ಗಾಳ ಎಂದೆ. ಬೆಂಡು ಎಂದೆ. ಬೈರಿಗೆ ಎಂದೆ. ಹುಳುವಿನ ಡಬ್ಬಿಗೆ ಅವನ ಅಪ್ಪ 'ಗೆರಟೆ' ಎಂದರು. ಚೀಲಕ್ಕೆ ಏನೆನ್ನುವುದು ಎಂದು ಕೇಳಿದಾಗ ನಾನೂ ಅವರೂ ಒಟ್ಟಿಗೆ 'ಸಂಚಿ' ಎಂದೆವು. ನಾನು ತೆಲುಗಿನ ಬಾಯಿಯಲ್ಲಿ, ಅವರು ಮಲಯಾಳದ ಬಾಯಿಯಲ್ಲಿ. "ತಾತ ಹೇಳುವುದು ಸರಿಯೋ, ಅಪ್ಪ ಹೇಳುವುದು ಸರಿಯೋ?" ಎಂದ ಅವನು. ಎರಡೂ ಸರಿ ಎಂದು ಹೇಳಿದೆವು.

ಗಡಿಯ ಮನೆಗಳಲ್ಲಿ ಕನ್ನಡವನ್ನು ಕಾಪಾಡುವ ಮಾತು ಬಂದಾಗಲೆಲ್ಲ ನನಗೆ ಆ ಅಂಗಡಿಯ ಮುದುಕರ ಕೈ ನೆನಪಾಗುತ್ತದೆ. ನಾವು ಭಾಷೆಯನ್ನು ಜೋಪಾನ ಮಾಡುವುದೆಂದರೆ ಪುಸ್ತಕ, ಸಂಘ, ವಾರ್ಷಿಕೋತ್ಸವ ಎಂದು ಒಳ್ಳೆಯ ಅರೆಗಳನ್ನು ಹೊಲಿಸಿ ಅದರೊಳಗೆ ಇಡುತ್ತೇವೆ. ಅವೂ ಬೇಕು, ಈ ವಾರ್ಷಿಕವೂ ಅಂಥದೊಂದು ಅರೆಯೇ. ಆದರೆ ಬಿದ್ದಾಗ, ಹೆದರಿದಾಗ, ಹಸಿದಾಗ ಮಗುವಿನ ಬಾಯಿಗೆ ಸಿಗಬೇಕಾದ ನಾಲ್ಕು ಮಾತು ಕೊರಳಲ್ಲೇ ತೂಗುತ್ತಿರಬೇಕು. ನನ್ನಪ್ಪ ಮಗ್ಗದ ಗುಂಡಿಯಲ್ಲಿ ನನಗೆ ಹಾಕಿದ್ದು ಅದನ್ನೇ ಇರಬೇಕು. ತೆಲುಗಿನಲ್ಲಿ ಓದಿ, ತೆಲುಗಿನಲ್ಲಿ ದುಡಿದು, ತೆಲುಗಿನಲ್ಲಿ ಸ್ನೇಹಿತರನ್ನು ಪಡೆದು ಎಪ್ಪತ್ತು ವರ್ಷ ಸುಖವಾಗಿ ಬದುಕಿದ ನಾನು ಇಂದಿಗೂ ನಿದ್ದೆಯಲ್ಲಿ ಬೆಚ್ಚಿದರೆ ಕನ್ನಡದಲ್ಲೇ ಕೂಗುತ್ತೇನೆಂದು ನನ್ನಾಕೆ ಹೇಳುತ್ತಾಳೆ.

ಮೊನ್ನೆ ಮಗಳು ಫೋನು ಮಾಡಿದ್ದಳು. ಹುಡುಗ ಚೀಲದ ಪ್ರತಿಯೊಂದು ಅರೆಗೂ ಒಂದೊಂದು ಚೀಟಿ ಅಂಟಿಸಿದ್ದಾನಂತೆ, ಕನ್ನಡದ ಅಕ್ಷರದಲ್ಲಿ. 'ಬೈರಿಗೆ' ಎಂದು ಬರೆಯುವಲ್ಲಿ ಐತ್ವ ತಪ್ಪಿದೆಯಂತೆ. ತಿದ್ದಲೇ ಎಂದು ಕೇಳಿದಳು. ಬೈರಿಗೆ ಚೀಲದೊಳಗೆ ಹಿಡಿಸುವುದೇ ಇಲ್ಲವಲ್ಲ, ಆ ಚೀಟಿ ಯಾವ ಅರೆಗೆ ಎಂದು ನಾನು ಕೇಳಿದೆ.