ಅತಿಥಿ

ಅತಿಥಿಯಾದವನು ಮೂರು ದಿನ ಮೀರಿ ನಿಂತರೆ ಮನೆಯೊಡತಿಯ ಹುಬ್ಬು ಗಂಟಾಗುತ್ತದೆ. ನಾನೋ ಹದಿನಾಲ್ಕು ವರ್ಷದಿಂದ ಮಾಗಡಿ, ಕನಕಪುರ, ಚನ್ನಪಟ್ಟಣಗಳ ಬಸ್ಸು ಹತ್ತುತ್ತಿರುವ ‘ಅತಿಥಿ ಉಪನ್ಯಾಸಕ’. ಕನ್ನಡ ಎಂ.ಎ.; ನೆಟ್ ಆಗಿಲ್ಲ. ಕೈಗೆ ಬರುವುದು ಸಂಬಳವಲ್ಲ, ಗೌರವಧನ. ಪ್ರಿನ್ಸಿಪಾಲರ ಕುರ್ಚಿ ನಮ್ಮಂಥವರಿಗಲ್ಲ; ಅದರ ಆಸೆಯೂ ನನಗಿಲ್ಲವೆನ್ನಿ.

2022ರ ಜನವರಿಯಲ್ಲಿ ಸರ್ಕಾರ ನನ್ನಂಥವರ 11,000 ರೂಪಾಯಿಯನ್ನು 28,000ಕ್ಕೆ ಏರಿಸಿತು. ಮನೆಯಲ್ಲಿ ಪಾಯಸವಾಯಿತು. ಅದೇ ಆಜ್ಞೆಯಲ್ಲಿ ಇನ್ನೊಂದು ಸಾಲೂ ಇತ್ತು: ವಾರಕ್ಕೆ ಎಂಟು ಹತ್ತು ಗಂಟೆಯ ಬದಲು ಹದಿನೈದು ಗಂಟೆ ಪಾಠ. ಪಾಠವೇನೂ ಭಾರವಲ್ಲ. ಆದರೆ ಕಾಲೇಜಿನ ಗಂಟೆಗಳು ಹೆಚ್ಚಲಿಲ್ಲವಷ್ಟೆ! ಇಬ್ಬರು ಹಂಚಿಕೊಂಡು ಉಣ್ಣುತ್ತಿದ್ದ ಎಲೆ ಒಬ್ಬನ ಮುಂದೆ ಬಂತು. ಪಟ್ಟಿಯಲ್ಲಿ ನನ್ನ ಹೆಸರು ಮೇಲಿತ್ತು. ಹಳಗನ್ನಡವನ್ನು ನನಗಿಂತ ಸೊಗಸಾಗಿ ಹೇಳುತ್ತಿದ್ದ ಗೆಳೆಯ ರಾಮನಗರದಲ್ಲಿ ರೇಷ್ಮೆಗೂಡಿನ ವ್ಯಾಪಾರಿಯೊಬ್ಬರ ಲೆಕ್ಕ ಬರೆಯಲು ಸೇರಿದ.

2024ರ ಮೊದಲ ದಿನ, ಕೆಲಸ ಕಾಯಂ ಮಾಡಿರೆಂದು ಅತಿಥಿಗಳು ತುಮಕೂರಿನಿಂದ ಬೆಂಗಳೂರಿಗೆ ನಡೆಯತೊಡಗಿದಾಗ, ಅತಿಥಿಯೂ ಅಲ್ಲದ ಅವನು ನನ್ನ ಪಕ್ಕದಲ್ಲೇ ಇದ್ದ. ಕಾಯಂ ಆಗಲಿಲ್ಲ, ಗೌರವಧನ ಮತ್ತಷ್ಟು ಏರಿತು. ಅದನ್ನು ಅವನಿಗೆ ಹೇಗೆ ಹೇಳಲಿ?

ಈಗಲೂ ಪದ್ಯವೊಂದು ತೊಡಕಾದರೆ ಸಂಜೆ ಅವನಿಗೇ ಫೋನು ಮಾಡುತ್ತೇನೆ. ಮೊದಲು ಗೂಡಿನ ಧಾರಣೆ ಹೇಳಿ, ಆಮೇಲೆ ಅನ್ವಯ ಹೇಳುತ್ತಾನೆ.