ಹಂಡೆ, ಗೀಸರ್ ಮತ್ತು ಇನ್ನೂರರ ಗೆರೆ

ಸನವಳ್ಳಿ, ಮುಂಡಗೋಡ ತಾಲ್ಲೂಕು

ಪ್ರೀತಿಯ ಅಕ್ಕಾವ್ರಿಗೆ,

ನಿಮ್ಮ ಪತ್ರ ಬಂದು ಹದಿನೈದು ದಿನವಾಯಿತು. ಅಡಿಕೆ ಕೊಯ್ಲಿನ ಗಡಿಬಿಡಿ ಅಂತ ನೆಪ ಹೇಳಬಹುದಿತ್ತು, ಆದರೆ ತಡವಾದದ್ದು ಅದಕ್ಕಲ್ಲ. ನೀವು ಕೇಳಿದ್ದಕ್ಕೆ ನಮ್ಮ ಮನೆಯ ಮೀಟರನ್ನೇ ಸಾಕ್ಷಿಗೆ ಕರೆಯಬೇಕು ಅನ್ನಿಸಿತು. ಎರಡು ವಾರ ದಿನಾ ಬೆಳಿಗ್ಗೆ ಎದ್ದ ಕೂಡಲೇ ರೀಡಿಂಗ್ ನೋಡಿ ಕ್ಯಾಲೆಂಡರಿನ ಚೌಕಗಳಲ್ಲಿ ಬರೆದಿಟ್ಟೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಕರೆಂಟಿನ ಲೆಕ್ಕ ಕಂಡು ಮನೆಯವರು ಒಂದು ವಾರ ನಕ್ಕರು. ಎರಡನೇ ವಾರ ಅವರೇ ನೆನಪು ಮಾಡತೊಡಗಿದರು.

ನೀವು ಬರೆದದ್ದು ಇದು: ಹಳಿಯಾಳದ ನಿಮ್ಮ ಮನೆಯ ಬಿಲ್ಲು ಇಷ್ಟು ದಿನ ಸೊನ್ನೆಯೋ ನೂರಿನ್ನೂರೋ ಬರುತ್ತಿತ್ತು, ಈ ಸಲ ಒಮ್ಮೆಲೇ 1,700 ಬಂದಿದೆ; ಹನ್ನೆರಡು ವರ್ಷದ ಗೀಸರ್ ಮೇಲೆ ಅನುಮಾನ; ಅಂಗಡಿಯವರು 25 ಲೀಟರಿನದು ತೆಗೆದುಕೊಳ್ಳಿ ಅನ್ನುತ್ತಿದ್ದಾರೆ. ಜೊತೆಗೆ ಗ್ಲಾಸ್ಗೋದಲ್ಲಿರುವ ಮಗ ತನ್ನ ಬಾಡಿಗೆ ಮನೆಯ ಗೋಡೆಗೆ ಇಟ್ಟಿಗೆ ತುಂಬಿದ ಹೀಟರ್ ಇದೆ, ಅದಕ್ಕೆ ಯಾವ ದರದ ಕರೆಂಟು ತೆಗೆದುಕೊಳ್ಳಲಿ ಅಂತ ಕೇಳಿದ್ದಾನೆ. ತಾಯಿಗೂ ಮಗನಿಗೂ ಒಂದೇ ಹೊತ್ತಿಗೆ ಒಂದೇ ಚಿಂತೆ ಬಂದಿದೆ ನೋಡಿ.

ಮೊದಲು ನಿಮ್ಮ ಬಿಲ್ಲು. ನೀವು ಕಳಿಸಿದ ಫೋಟೋದಲ್ಲಿ ಬಳಕೆ 212 ಯೂನಿಟ್. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮಗೆ ಸಿಕ್ಕ ಪಾಲು 143. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ 130 ಇತ್ತು, ಅದಕ್ಕೆ ಶೇ 10 ಸೇರಿಸಿದ್ದಾರೆ. 143ರ ಒಳಗೆ ಇದ್ದರೆ ಸೊನ್ನೆ ಬಿಲ್ಲು. 143 ದಾಟಿ 200ರ ಒಳಗೆ ನಿಂತರೆ ದಾಟಿದಷ್ಟಕ್ಕೆ ಮಾತ್ರ ಹಣ. 200 ದಾಟಿತೋ, ಆ ತಿಂಗಳು ಮೊದಲ ಯೂನಿಟ್ಟಿನಿಂದಲೂ ಹಣ ಕಟ್ಟಬೇಕು. ನೀವು 199ಕ್ಕೆ ನಿಂತಿದ್ದರೆ 56 ಯೂನಿಟ್ಟಿನ ಲೆಕ್ಕ ಆಗುತ್ತಿತ್ತು. ಮೇಲಿನ ಆ ಹದಿಮೂರು ಯೂನಿಟ್ ನಿಮಗೆ ಸಾವಿರ ರೂಪಾಯಿಗಿಂತ ಹೆಚ್ಚಿಗೆ ಬಿತ್ತು. ಇಷ್ಟು ತುಟ್ಟಿ ನೀರಿನಲ್ಲಿ ನಾನಂತೂ ಯಾವತ್ತೂ ಸ್ನಾನ ಮಾಡಿಲ್ಲ!

ಉಳಿದದ್ದು ಸರಳ ಗುಣಾಕಾರ. 2025-26ರ ದರಪಟ್ಟಿಯಲ್ಲಿ ಮನೆ ಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬ್ತು 36 ಪೈಸೆ, ಮಂಜೂರಾದ ಪ್ರತಿ ಕಿಲೋವಾಟ್ ಲೋಡಿಗೆ 145 ರೂಪಾಯಿ ನಿಗದಿತ ಶುಲ್ಕ, ಯೂನಿಟ್ಟಿನ ಹಣದ ಮೇಲೆ ಶೇ 9ರ ತೆರಿಗೆ. ಎರಡು ಕಿಲೋವಾಟ್ ಲೋಡಿನ ನಿಮ್ಮ ಮನೆಗೆ ಕೂಡಿಸಿ ನೋಡಿದೆ, 1,700ರ ಹತ್ತಿರವೇ ಬಂತು. ಮೀಟರಿನದೇನೂ ತಪ್ಪಿಲ್ಲ, ಅದರ ಮೇಲೆ ಸಿಟ್ಟಾಗಬೇಡಿ.

ಮೊದಲಿನ ಸ್ಲ್ಯಾಬ್ ಲೆಕ್ಕ ನಿಮ್ಮ ತಲೆಯಲ್ಲಿ ಇನ್ನೂ ಇದ್ದ ಹಾಗಿದೆ. ಅದನ್ನು ಬಿಟ್ಟುಬಿಡಿ. 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್ಟಿಗೂ ಒಂದೇ ದರ. ದರ ಆರಿಸಿಕೊಳ್ಳುವ ಅವಕಾಶ ನಮಗಿಲ್ಲ. ಹುಬ್ಬಳ್ಳಿಯ ಹೆಸ್ಕಾಂ ಆಗಲಿ ಬೆಂಗಳೂರಿನ ಬೆಸ್ಕಾಂ ಆಗಲಿ, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಹೇಳಿದ್ದೇ ದರ. ನಮ್ಮಂಥವರ ಕೈಯಲ್ಲಿ ಉಳಿದಿರುವುದು 200ರ ಈ ಕಡೆ ಇರಬೇಕೋ ಆ ಕಡೆ ಇರಬೇಕೋ ಅನ್ನುವುದೊಂದೇ. ಆ ಗೆರೆಯ ಹತ್ತಿರ ವರ್ಷದಲ್ಲಿ ಎರಡು ಹೊತ್ತು ಮಾತ್ರ ಹೋಗುತ್ತೇವೆ: ಜಿಟಿಜಿಟಿ ಮಳೆಗಾಲದಲ್ಲಿ, ಮತ್ತೆ ಡಿಸೆಂಬರ್-ಜನವರಿಯಲ್ಲಿ, ನಮ್ಮೂರ ಜಲಾಶಯದ ಕಡೆಯಿಂದ ಮಂಜು ಎದ್ದು ಬೆಳಗಿನ ಎಂಟರವರೆಗೂ ರಸ್ತೆ ಕಾಣದಿರುವಾಗ. ಎರಡೂ ಬಿಸಿನೀರಿನ ಕಾಲವೇ.

ಬಿಸಿನೀರಿಗೆ ನಿಜವಾಗಿ ಎಷ್ಟು ಕರೆಂಟು ಬೇಕು? ಚಳಿಗಾಲದ ತೊಟ್ಟಿ ನೀರು 20 ಡಿಗ್ರಿ ಅಂತಿಟ್ಟುಕೊಳ್ಳಿ. ಮೈಗೆ ಹಿತವಾದ 40 ಡಿಗ್ರಿಯ ಒಂದು ಬಕೆಟ್, ಅಂದರೆ 20 ಲೀಟರಿಗೆ, ಅರ್ಧ ಯೂನಿಟ್ಟಿಗಿಂತ ಚೂರು ಕಡಿಮೆ ಸಾಕು. ನಾಲ್ಕು ಜನರ ಮನೆಗೆ ದಿನಕ್ಕೆ ಹತ್ತಿರ ಹತ್ತಿರ ಎರಡು ಯೂನಿಟ್, ತಿಂಗಳಿಗೆ 56ರ ಸುತ್ತಮುತ್ತ. ಇದನ್ನು ಯಾವ ಕಂಪನಿಯ ಗೀಸರೂ ಕಡಿಮೆ ಮಾಡಲಾರದು. ಕಾಯಿಲ್ ಹಾಕಿದ ಬಕೆಟ್ಟೇ ಇರಲಿ, ಹದಿನೈದು ಸಾವಿರದ ಗೀಸರೇ ಇರಲಿ, ನೀರು ಕುಡಿಯುವ ಶಾಖ ಒಂದೇ.

ವ್ಯತ್ಯಾಸ ಬರುವುದು ಯಾರೂ ಸ್ನಾನ ಮಾಡದ ಹೊತ್ತಿನಲ್ಲಿ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಎರಡು ವರ್ಷದ ಹಿಂದೆ ಒಂದು ಮದುವೆಗೆ ಅಂತ ಶಿರಸಿಗೆ ಹೋದೆವು. ಫ್ರಿಜ್ ಖಾಲಿ ಮಾಡಿ ಆರಿಸಿದ್ದೆ, ಮೀಟರ್ ರೀಡಿಂಗನ್ನೂ ನೋಡಿಕೊಂಡಿದ್ದೆ, ಆದರೆ ಬಚ್ಚಲಮನೆಯ ಗೀಸರ್ ಸ್ವಿಚ್ ಮರೆತೆ. ಎರಡು ದಿನ ಬಿಟ್ಟು ಬಂದಾಗ ಮೀಟರ್ ಹೆಚ್ಚುಕಡಿಮೆ ಮೂರು ಯೂನಿಟ್ ಓಡಿತ್ತು, ಒಂದು ಚೊಂಬು ನೀರನ್ನೂ ಯಾರೂ ಬಳಸದೆ. ಟ್ಯಾಂಕಿನ ಸುತ್ತಲಿನ ಪದರ ಹಳತಾಗಿ ಶಾಖ ಸೋರುತ್ತಿತ್ತು, ಥರ್ಮೋಸ್ಟಾಟ್ ಕೊನೆಯ ಗೆರೆಗೆ ತಿರುಗಿಸಿಟ್ಟಿತ್ತು, ನೀರು ತಣ್ಣಗಾದಂತೆಲ್ಲ ಅದು ತಾನಾಗಿ ಹೊತ್ತಿಕೊಳ್ಳುತ್ತಿತ್ತು. ತಿಂಗಳೆಲ್ಲ ಸ್ವಿಚ್ ಹಾಕಿಯೇ ಇಡುವ ಮನೆಯಲ್ಲಿ ಹೀಗೆ 45 ಯೂನಿಟ್ ಬರೀ ಗಾಳಿಗೆ. ನಿಮ್ಮ ಪತ್ರದಲ್ಲಿ ಅತ್ತೆಯವರಿಗೆ ಯಾವಾಗ ಬೇಕಾದರೂ ಬಿಸಿನೀರು ಸಿಗಲಿ ಅಂತ ಗೀಸರ್ ಆರಿಸುವುದೇ ಇಲ್ಲ ಎಂದು ಬರೆದಿದ್ದೀರಿ. ನಿಮ್ಮ ಹದಿಮೂರು ಯೂನಿಟ್ ಅಲ್ಲೇ ಹೋಗಿವೆ. ಅತ್ತೆಯವರಿಗೆ ಒಂದು ಒಳ್ಳೆಯ ಥರ್ಮಾಸ್ ಫ್ಲಾಸ್ಕ್ ಕೊಡಿಸಿ.

ಅಂಗಡಿಯವರ ಮಾತಿಗೆ ಬರೋಣ. 60 ಡಿಗ್ರಿಗೆ ಕಾಯಿಸಿದ 15 ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 30 ಲೀಟರ್ ಸ್ನಾನದ ನೀರು ಆಗುತ್ತದೆ. ಎರಡು ಕಿಲೋವಾಟಿನ ಗೀಸರ್ ಅದನ್ನು ಇಪ್ಪತ್ತೊಂದು ನಿಮಿಷದಲ್ಲಿ ಕಾಯಿಸುತ್ತದೆ. ನಡುನಡುವೆ ಮತ್ತೆ ಕಾಯುವುದರಿಂದ, ಒಬ್ಬರ ಹಿಂದೊಬ್ಬರು ಬಕೆಟ್ ಸ್ನಾನ ಮಾಡುವ ನಾಲ್ಕು ಜನರಿಗೆ ಅಷ್ಟು ಸಾಕು. 25 ಲೀಟರಿನದು ಷವರ್ ಕೆಳಗೆ ಹಾಡು ಹೇಳುವವರಿಗೆ. ದೊಡ್ಡ ಟ್ಯಾಂಕು ಅಂದರೆ ಉಳಿದ ನೀರೂ ಜಾಸ್ತಿ, ಸೋರುವ ಶಾಖವೂ ಜಾಸ್ತಿ. ಪೆಟ್ಟಿಗೆಯ ಮೇಲೆ ನಕ್ಷತ್ರದ ಚೀಟಿ ಇರುತ್ತದಲ್ಲ, ಅದರಲ್ಲಿ ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ. 24 ಗಂಟೆಯಲ್ಲಿ ಸುಮ್ಮನೆ ನಿಂತ ನೀರಿನಿಂದ ಎಷ್ಟು ಯೂನಿಟ್ ಸೋರುತ್ತದೆ ಅಂತಲೂ ಅಲ್ಲೇ ಬರೆದಿರುತ್ತದೆ. ನಾನು ಎರಡು ಗೀಸರ್ ಹೋಲಿಸಿದ್ದು ಆ ಒಂದು ಅಂಕಿ ನೋಡಿಯೇ.

ಮೂರು ಲೀಟರಿನ, ಮೂರು ಕಿಲೋವಾಟಿನ ದಿಢೀರ್ ಗೀಸರ್ ಪೇಟೆಗೆ ಸರಿ. ನಮ್ಮ ಕಡೆ ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಮೂರು ಕಿಲೋವಾಟ್ ಎರಡಕ್ಕಿಂತ ಕೆಳಗೆ ಬರುತ್ತದೆ, ನಲ್ಲಿಯಿಂದ ಬರುವುದು ಉಗುರು ಬೆಚ್ಚಗಿನ ನೀರು. ಟ್ಯಾಂಕಿನ ಗೀಸರ್ ಆದರೆ ಹದಿಮೂರು ನಿಮಿಷ ಹೆಚ್ಚು ಕಾಯಿಸಿ ಕೊಡುತ್ತದೆ, ಯೂನಿಟ್ ಅಷ್ಟೇ. ಕಡಿಮೆ ವೋಲ್ಟೇಜಿನಲ್ಲಿ ಗೀಸರ್ ಜಾಸ್ತಿ ಕರೆಂಟು ತಿನ್ನುತ್ತದೆ ಅಂತ ನಮ್ಮೂರ ಕಟ್ಟೆಯ ಮೇಲೆ ಹೇಳುತ್ತಾರೆ. ಅದು ಸುಳ್ಳು. ಗ್ಯಾಸ್ ಗೀಸರ್ ಮಾತ್ರ ಕಿಟಕಿಯಿಲ್ಲದ ನಿಮ್ಮ ಬಚ್ಚಲಮನೆಗೆ ಬೇಡವೇ ಬೇಡ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಮಗನ ವಿಷಯ ನನಗೆ ಹೆಚ್ಚು ಹಿಡಿಸಿತು. ಅವನ ಮನೆಯ ಹೀಟರ್ ನಮ್ಮ ಬಚ್ಚಲ ಒಲೆಯ ದೂರದ ನೆಂಟ. ಒಲೆ ಆರಿದ ಮೇಲೂ ಅದರ ಕಲ್ಲು ಮಧ್ಯಾಹ್ನದವರೆಗೆ ಬೆಚ್ಚಗಿರುತ್ತಿತ್ತಲ್ಲ, ಬೆಕ್ಕು ಅಲ್ಲೇ ಮಲಗುತ್ತಿತ್ತಲ್ಲ, ಅದೇ ತತ್ವ. ಒಳಗೆ ಭಾರದ ಇಟ್ಟಿಗೆಗಳು. ರಾತ್ರಿ ಅಗ್ಗದ ಕರೆಂಟಿನಲ್ಲಿ ಕಾದು, ಹಗಲು ನಿಧಾನಕ್ಕೆ ಶಾಖ ಬಿಡುತ್ತವೆ. ಬ್ರಿಟನ್ನಿನಲ್ಲಿ 1978ರಲ್ಲಿ ಎಕಾನಮಿ ಸೆವೆನ್ ಎಂಬ ದರ ಬಂತು: ರಾತ್ರಿ ಏಳು ಗಂಟೆ ಕಾಲ ಅಗ್ಗ, ಹಗಲು ತುಟ್ಟಿ. ಯಾಕೆಂದರೆ ಕಲ್ಲಿದ್ದಲು ಮತ್ತು ಅಣು ವಿದ್ಯುತ್ ಸ್ಥಾವರಗಳನ್ನು ರಾತ್ರಿಯಾಯಿತೆಂದು ಆರಿಸಲಾಗುವುದಿಲ್ಲ. ನಮ್ಮ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ದಾಖಲೆ ಮಾಡಿತ್ತು, ನೆನಪಿರಬೇಕು. ಅಂಥ ಸ್ಥಾವರಕ್ಕೆ ಹಗಲೇನು, ರಾತ್ರಿಯೇನು.

ಮಗನಿಗೆ ಹೇಳಿ: ಒಟ್ಟು ಬಳಕೆಯಲ್ಲಿ ನೂರಕ್ಕೆ ನಲವತ್ತಾದರೂ ರಾತ್ರಿ ಆಗುವುದಾದರೆ ಮಾತ್ರ ಎರಡು ದರದ ಯೋಜನೆ ಲಾಭ ಅಂತ ಅಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಹಗಲೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡುವವನಾದರೆ ಎರಡು ಸಲ ಯೋಚಿಸಲಿ. ಹಳೆಯ ಹೀಟರಿಗೆ ಎರಡು ಗುಂಡಿ ಇರುತ್ತವೆ, ಒಂದು ತುಂಬುವುದಕ್ಕೆ, ಇನ್ನೊಂದು ಬಿಡುವುದಕ್ಕೆ. ರಾತ್ರಿ ಮಲಗುವಾಗ ಬಿಡುವ ಗುಂಡಿ ಮುಚ್ಚದಿದ್ದರೆ ಬೆಳಗಿನ ಹೊತ್ತಿಗೆ ಇಟ್ಟಿಗೆ ತಣ್ಣಗೆ. ಇನ್ನೊಂದು ಮಾತು, ಅಲ್ಲಿನ ಎಷ್ಟೋ ಹಳೇ ಮೀಟರುಗಳಿಗೆ ಹಗಲು-ರಾತ್ರಿ ದರ ಬದಲಿಸುವ ಸೂಚನೆ ಬಿಬಿಸಿಯ ದೀರ್ಘ ತರಂಗದ ರೇಡಿಯೊ ಮೂಲಕ ಹೋಗುತ್ತಿತ್ತು. 2025ರ ಜೂನ್ ಕೊನೆಯಿಂದ ಅದನ್ನು ಹಂತ ಹಂತವಾಗಿ ನಿಲ್ಲಿಸತೊಡಗಿದರು. ಮನೆ ಮಾಲೀಕರನ್ನು ಕೇಳಿ ಮೀಟರ್ ಯಾವ ತರಹದ್ದೆಂದು ನೋಡಿಕೊಳ್ಳಲಿ, ಇಲ್ಲವಾದರೆ ಹೀಟರ್ ಬೇಡದ ಹೊತ್ತಿನಲ್ಲಿ ಕಾಯಬಹುದು.

ಹೊತ್ತು ನೋಡಿ ಕರೆಂಟು ಬಳಸುವುದು ನಮಗೇನು ಹೊಸದೇ? ಮೂರು ಫೇಸ್ ಏಳು ಗಂಟೆ ಕೊಡುತ್ತಾರೆ ಅಂದರೆ ಗದ್ದೆಗೆ ಓಡುವ ಜನ ನಾವು. ರಾತ್ರಿ ಪಾಳಿ ಬಂದಾಗ ಬ್ಯಾಟರಿ ಹಿಡಿದು ಹೋಗಿ ಪಂಪು ಹಾಕಿದ್ದೇವೆ. ಇನ್ನು ಮನೆಗೂ ಆ ಲೆಕ್ಕ ಬರಲಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ, ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೆ ಹೊತ್ತಿಗೊಂದು ದರ ಅನ್ವಯಿಸಬೇಕು; ಬಿಸಿಲಿರುವ ಎಂಟು ಗಂಟೆ ಕಾಲ ಶೇ 20ರಷ್ಟಾದರೂ ಅಗ್ಗ ಇರಬೇಕು, ಬೇಡಿಕೆ ಏರುವ ಹೊತ್ತಿನಲ್ಲಿ ಶೇ 10ರಷ್ಟಾದರೂ ತುಟ್ಟಿ. ಗ್ಲಾಸ್ಗೋಗೆ ರಾತ್ರಿ ಅಗ್ಗವಾದರೆ ನಮಗೆ ಮಧ್ಯಾಹ್ನ. ಸಂಜೆ ಸೂರ್ಯ ಇಳಿದ ಮೇಲೆ ಸೂಪಾ ಜಲಾಶಯದಲ್ಲಿ ಕೂಡಿಟ್ಟ ಕಾಳಿ ನದಿಯ ನೀರನ್ನೂ ನೆಚ್ಚಬೇಕು, ಅಂಬಿಕಾನಗರದ ನಾಗಝರಿಯ ಟರ್ಬೈನ್ ತಿರುಗಬೇಕು. ಇಡೀ ರಾಜ್ಯಕ್ಕೆ ಅದೊಂದು ದೊಡ್ಡ ಹಂಡೆ. ಆ ದರ ನಮ್ಮ ಮನೆಗೆ ಬರುವ ಹೊತ್ತಿಗೆ ಶಾಖ ಹಿಡಿದಿಡುವ ಗಟ್ಟಿ ಟ್ಯಾಂಕು ಉಪಯೋಗಕ್ಕೆ ಬರುತ್ತದೆ: ಮಧ್ಯಾಹ್ನ ಮೂರಕ್ಕೆ ಕಾಯಿಸಿ, ಸಂಜೆ ಏಳಕ್ಕೆ ಸ್ನಾನ.

ಬಚ್ಚಲ ಒಲೆಯನ್ನು ಒಡೆದು ಹಾಕುತ್ತೇನೆ ಅಂತಲೂ ಬರೆದಿದ್ದೀರಿ. ಬೇಡ. ನಮ್ಮಲ್ಲಿ ತಾಮ್ರದ ಹಂಡೆ ಈಗಲೂ ಕೂತಿದೆ. ಅಡಿಕೆ ಸಿಪ್ಪೆ, ತೆಂಗಿನ ಕರಟ, ಕಾಳು ಬಿಡಿಸಿದ ಗೋವಿನಜೋಳದ ದಿಂಡು, ಇವನ್ನೆಲ್ಲ ಬೇರೇನು ಮಾಡುವುದು? ಹೊಗೆಯ ಉಸಾಬರಿ ಇದ್ದೇ ಇದೆ, ಅದಕ್ಕೇ ದಿನಾ ಹಚ್ಚುವುದಿಲ್ಲ. ತಿಂಗಳ ಇಪ್ಪತ್ತನೇ ತಾರೀಖಿಗೆ ಮೀಟರ್ ನೋಡುತ್ತೇನೆ, 140 ದಾಟಿದ್ದರೆ ಉಳಿದ ಹತ್ತು ದಿನ ಹಂಡೆಗೆ ಬೆಂಕಿ. ಕಳೆದ ಎರಡು ಚಳಿಗಾಲ 200ರ ಗೆರೆ ದಾಟಿಲ್ಲ.

ಹಾಗಾಗಿ ನನ್ನ ಮಾತು ಇಷ್ಟು: ಹೊಸ ಗೀಸರ್ ತೆಗೆದುಕೊಳ್ಳಿ, ಆದರೆ 15 ಲೀಟರಿನದು, ಶಾಖ ಕಡಿಮೆ ಸೋರುವುದು. ಅರ್ಥಿಂಗ್ ಸರಿಯಿದೆಯೇ ಅಂತ ಮೊದಲು ನೋಡಿಸಿ, ಸ್ನಾನಕ್ಕೆ ಇಪ್ಪತ್ತೈದು ನಿಮಿಷ ಮುಂಚೆ ಹಾಕಿ, ಕೊನೆಯವರು ಒಳಗೆ ಹೋದಾಗ ಆರಿಸಿ. ನಿಮ್ಮದು ಬೋರ್‌ವೆಲ್ ನೀರು. ವರ್ಷಕ್ಕೊಮ್ಮೆ ಬಿಚ್ಚಿಸಿ ಸುಣ್ಣದ ಪದರ ತೆಗೆಸಿ, ಒಳಗಿನ ಮೆಗ್ನೀಸಿಯಂ ಸರಳು ಸವೆದಿದ್ದರೆ ಬದಲಿಸಿ. ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ.

ಆದರೆ ದುಡ್ಡು ಕೊಡುವ ಮೊದಲು ಒಂದು ವಾರ ಹಳೇ ಗೀಸರನ್ನೇ ಆರಿಸಿ-ಹಾಕಿ ಬಳಸಿ ನೋಡಿ. ದಿನಾ ಒಂದೇ ಹೊತ್ತಿಗೆ ರೀಡಿಂಗ್ ಬರೆದು, ಆ ಏಳು ಅಂಕಿಗಳನ್ನು ನನಗೆ ಕಳಿಸಿ.

ಇಂತಿ,
ನಿಮ್ಮ ಸನವಳ್ಳಿಯ ತಮ್ಮ